ಬಾಣಂತಿಯ ಪಕ್ಕದಲ್ಲಿ ನಿಂತ ನರ್ಸ್

ಕೇಳುಗರಿಗೆ ನಮಸ್ಕಾರ.

ಹೆರಿಗೆಯಾಯಿತು, ಕೂಸು ಅತ್ತಿತು. ಹೊರಗೆ ನಿಂತವರು ಗಂಡೋ ಹೆಣ್ಣೋ ಎಂದು ಕೇಳಿದರು, ಯಾರೋ ಪೇಢೆ ತರಲು ಓಡಿದರು. ಮನೆಮಂದಿಯ ಜೀವವೆಲ್ಲ ಕೂಸಿನ ಮೇಲಿರುವ ಆ ಹೊತ್ತಿನಲ್ಲಿ ತಾಯಿಯ ಮೇಲಿಂದ ಕಣ್ಣು ಕೀಳದೆ ನಿಂತವರು ನರ್ಸ್. ಬಾಣಂತಿಯ ಹೊಕ್ಕುಳದ ಹತ್ತಿರ ಅಂಗೈ ಇಟ್ಟು ಗರ್ಭಕೋಶ ಗಟ್ಟಿಯಾಯಿತೇ ಎಂದು ಒತ್ತಿ ನೋಡುತ್ತಾರೆ. ಗಟ್ಟಿಯಾದರೆ ಒಳಗಿನ ರಕ್ತನಾಳಗಳು ಬಿಗಿದು ಸ್ರಾವ ಕಡಿಮೆಯಾಗುತ್ತದೆ. ಮೆತ್ತಗೇ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಸ್ರಾವ ಜೋರಾಗಿದ್ದು ಉಪಚಾರ ಸಿಗದೆ ಹೋದರೆ ಎರಡು ತಾಸಿನೊಳಗೆ ತಾಯಿ ಉಳಿಯದಿರಬಹುದು.

ನರ್ಸಿಂಗ್ ವೃತ್ತಿಯ ಬೆಳವಣಿಗೆ ಎಂದರೆ ಎಲ್ಲರೂ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನೆನೆಯುತ್ತಾರೆ. ನೆನೆಯಬೇಕಾದದ್ದೇ. ಆದರೆ ನನಗೆ ಅವರ ದೀಪಕ್ಕಿಂತ ಅವರು ಇಟ್ಟ ಲೆಕ್ಕ ದೊಡ್ಡದು. 1854ರಲ್ಲಿ 38 ದಾದಿಯರನ್ನು ಕಟ್ಟಿಕೊಂಡು ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ, ತುರ್ಕಿಯ ಸ್ಕುಟಾರಿಯ ಆಸ್ಪತ್ರೆಗೆ ಹೋದವರು ಅವರು. ಸೈನಿಕರು ಗುಂಡೇಟಿಗಿಂತ ಹೆಚ್ಚಾಗಿ ರೋಗರುಜಿನಗಳಿಂದಲೇ ಸತ್ತರೆಂಬುದನ್ನು ತಿಂಗಳುವಾರು ಅಂಕಿ ಜೋಡಿಸಿ, 1858ರಲ್ಲಿ ಬಣ್ಣದ ಚಿತ್ರ ಮಾಡಿ ತೋರಿಸಿದರು. ಎರಡು ವರ್ಷದ ನಂತರ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಶುರುವಾಯಿತು. ರೋಗಿಯ ಆರೈಕೆ ಅದಕ್ಕಿಂತ ಮೊದಲೂ ಇತ್ತು, ನಮ್ಮ ಸೂಲಗಿತ್ತಿಯರ ಕೈಯಲ್ಲೂ ಇತ್ತು. ಕಂಡದ್ದನ್ನು ಅಳೆದು, ಬರೆದಿಟ್ಟು, ಅದನ್ನು ನೋಡಿ ಮುಂದಿನ ಕೆಲಸ ಮಾಡುವ ಶಿಸ್ತು ಬಂದದ್ದು ಆಮೇಲೆ.

ನಮ್ಮ ದೇಶದಲ್ಲಿ 1946ರಲ್ಲಿ ದಿಲ್ಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶುರುವಾಯಿತು. ಮರುವರ್ಷವೇ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಬೆಳಗಾವಿ, ವಿಜಾಪುರ ಆಗಿನ್ನೂ ಮುಂಬೈ ಪ್ರಾಂತ್ಯದಲ್ಲಿದ್ದವು. ದೊಡ್ಡ ಬ್ಯಾನಿ ಬಂದರೆ ಮಿರಜಿನ ದವಾಖಾನೆಗೆ ಹೋಗುವ ರೂಢಿ ಈ ಸೀಮೆಯ ಎಷ್ಟೋ ಮನೆಗಳಲ್ಲಿತ್ತು. ಈಗ ಹುಕ್ಕೇರಿ, ರಾಮದುರ್ಗ, ಬೀಳಗಿ, ಇಂಡಿ ತಾಲ್ಲೂಕುಗಳ ಮಕ್ಕಳು ಇಲ್ಲಿಯೇ ಎ.ಎನ್.ಎಂ. ಎಂಬ ಸಹಾಯಕ ನರ್ಸ್ ತರಬೇತಿ, ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ, ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಓದುತ್ತಾರೆ. ಹುಡುಗರೂ ಬರುತ್ತಾರೆ. ವಾರ್ಡಿನಲ್ಲಿ ಅವರನ್ನು 'ಬ್ರದರ್' ಎಂದು ಕರೆಯುವುದು ಈಗ ಯಾರಿಗೂ ಹೊಸದಲ್ಲ.

ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಕೆಲಸದ ಬಗ್ಗೆ. ಜಗತ್ತಿನ ವೈದ್ಯರು ಅದನ್ನು ಓದಿದ್ದಾರೆ, ನಮ್ಮವರಿಗೇ ಹೆಚ್ಚು ಗೊತ್ತಿಲ್ಲ ಎಂಬುದು ನನ್ನ ಸಂಕಟ. 2002ರಿಂದ 2005ರವರೆಗೆ ಇಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಅಮೆರಿಕದ ಸಂಶೋಧಕರು ಸೇರಿ ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಔಷಧದ ಒಂದು ಪ್ರಯೋಗ ನಡೆಸಿದರು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರುತ್ತಿದ್ದ 1620 ಹೆಂಗಸರು ಅದರಲ್ಲಿದ್ದರು. ಹೆರಿಗೆ ಮಾಡಿಸಿದವರು, ಔಷಧ ಕೊಟ್ಟವರು, ಅಳೆದು ಬರೆದವರು ಎಲ್ಲರೂ ಎ.ಎನ್.ಎಂ.ಗಳು, ಊರವರು 'ನರ್ಸಬಾಯಾರು' ಎಂದು ಕರೆಯುವ ನಮ್ಮ ಹೆಣ್ಣುಮಕ್ಕಳು.

ಔಷಧ ಮಿಸೊಪ್ರೊಸ್ಟಾಲ್ ಗುಳಿಗೆ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಂಪಿನಲ್ಲಿಡಬೇಕು. ಕರೆಂಟು ನೆಚ್ಚಿಕೊಳ್ಳುವಂತಿಲ್ಲದ ಊರಲ್ಲಿ ಅದು ದೊಡ್ಡ ಪಜೀತಿ. ಗುಳಿಗೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಕೂಸು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಅರ್ಧ ಮಂದಿ ತಾಯಂದಿರಿಗೆ 600 ಮೈಕ್ರೋಗ್ರಾಂ ಔಷಧ, ಉಳಿದರ್ಧ ಮಂದಿಗೆ ನೋಡಲು ಹಾಗೇ ಇರುವ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ.

ಹೋದ ರಕ್ತವನ್ನು ಅಳೆಯುವುದು ಹೇಗೆ? ಎಷ್ಟು ಸೀರೆ ತೊಯ್ದಿತು, ಎಷ್ಟು ಅರಿವೆ ಬದಲಿಸಿದೆವು ಎಂದು ಅಂದಾಜು ಮಾಡುವುದು ಹಳೆಯ ಪದ್ಧತಿ. ಬೆಳಗಾವಿಯ ತಂಡ ಅದಕ್ಕೆಂದೇ ಪ್ಲಾಸ್ಟಿಕ್ಕಿನ ಒಂದು ಹಾಳೆ ಸಿದ್ಧಪಡಿಸಿತು. ಅದನ್ನು ತಾಯಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುತ್ತಾರೆ. ಅದರ ಕೆಳತುದಿ ಚೀಲದಂತೆ ಇಳಿಬಿದ್ದಿರುತ್ತದೆ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳಿರುತ್ತವೆ. ರಕ್ತ 500ರ ಗೆರೆ ಮುಟ್ಟಿತೆಂದರೆ ಅಪಾಯ. ಕಣ್ಣಂದಾಜಿಗೂ ಈ ಹಾಳೆಯ ಅಳತೆಗೂ ತಾಳೆ ನೋಡಿದಾಗ, ಅಂದಾಜು ಸುಮಾರು ಮೂರನೇ ಒಂದು ಪಾಲಿನಷ್ಟು ಕಡಿಮೆ ಬಂದಿತ್ತು. ಪಳಗಿದ ಕಣ್ಣೂ ತಪ್ಪುತ್ತದೆ ಎಂದಾಯಿತು.

ಫಲಿತಾಂಶ 2006ರಲ್ಲಿ 'ದಿ ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಗಿತ್ತು. ಔಷಧ ಸಿಕ್ಕವರಲ್ಲಿ ಅದು 6.4ಕ್ಕೆ ಇಳಿಯಿತು. ತೀವ್ರ ಸ್ರಾವ 1.2ರಿಂದ 0.2ಕ್ಕೆ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿ ರಕ್ತಸ್ರಾವ ತಡೆಯಲೆಂದು ಈ ಔಷಧವನ್ನು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಳತೆಯ ಹಾಳೆಯ ಮಹತ್ವವೂ ಇಲ್ಲಿಗೇ ನಿಲ್ಲಲಿಲ್ಲ. ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಗೆರೆಯಿರುವ ಇಂಥದೇ ಹಾಳೆ ಬಳಸಿ, ಸ್ರಾವ ಹೆಚ್ಚಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ಭಾರೀ ರಕ್ತಸ್ರಾವದ ಅನಾಹುತಗಳು ಶೇಕಡಾ 60ರಷ್ಟು ತಗ್ಗಿದವು ಎಂದು 2023ರಲ್ಲಿ ಪ್ರಕಟವಾಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಗುಳಿಗೆ ಹೆರಿಗೆಯಾದ ಮೇಲೆ ಆರೋಗ್ಯ ಸಿಬ್ಬಂದಿ ಕೈಯಿಂದ ಕೊಡುವಂಥದ್ದು. ಅಂಗಡಿಯಿಂದ ತಂದು ಬಸುರಿಗೆ ನುಂಗಿಸಿದರೆ ತಾಯಿ ಕೂಸು ಇಬ್ಬರಿಗೂ ಅಪಾಯ.

'ಡಾಕ್ಟರು ಹೇಳಿದ್ದನ್ನು ಮಾಡುವವರು' ಎಂದು ನರ್ಸುಗಳನ್ನು ಬದಿಗೆ ಸರಿಸುವವರ ಮುಂದೆ ನಾನು ಈ ಕತೆ ಇಡುತ್ತೇನೆ. ಡಾಕ್ಟರರಿಲ್ಲದ ಊರಿನಲ್ಲಿ ನಿರ್ಧಾರ ಅವರದೇ ಆಗಿತ್ತು. ಈಗ ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಹುದ್ದೆಗೆ ಶುಶ್ರೂಷಾಧಿಕಾರಿ ಎಂಬ ಹೆಸರಿದೆ. ಸಹಜ ಹೆರಿಗೆಯನ್ನು ತಾವೇ ಪೂರ್ತಿ ನಿಭಾಯಿಸುವಂತೆ ನರ್ಸುಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಡುವ ಯೋಜನೆಯನ್ನು ಕೇಂದ್ರ ಸರಕಾರ 2018ರಲ್ಲಿ ಪ್ರಕಟಿಸಿತು. ಇವೆಲ್ಲ ಒಳ್ಳೆಯವೇ. ಆದರೆ ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಇಡೀ ವಾರ್ಡ್ ನೋಡುತ್ತ, ನಡುವೆ ರಿಜಿಸ್ಟರ್ ತುಂಬುತ್ತ, 'ಸಿಸ್ಟರ್, ಸಲಾಯಿನ್ ಮುಗದೈತ್ರಿ' ಎಂಬ ಕೂಗಿಗೆ ಓಡುತ್ತಿದ್ದರೆ ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವ ಸಮಯ ಎಲ್ಲಿಂದ ಬರಬೇಕು? ಖಾಲಿ ಹುದ್ದೆ ತುಂಬದೆ, ಖಾಸಗಿಯಲ್ಲಿ ದುಡಿಯುವವರಿಗೆ ಬದುಕುವಷ್ಟು ಸಂಬಳ ಕೊಡದೆ, ನರ್ಸುಗಳ ದಿನವೆಂದು ಮೇ 12ರಂದು ಹಾರ ಹಾಕಿ ಕೈತೊಳೆದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಮನೆಯವರು ಮಾಡಬೇಕಾದದ್ದು. ಹೆರಿಗೆಯಾದ ಮೊದಲ ಎರಡು ತಾಸು ಯಾರಾದರೊಬ್ಬರು ತಾಯಿಯ ಬಳಿಯೇ ಇರಿ. ಅರಿವೆ ಬೇಗ ಬೇಗ ತೊಯ್ಯುತ್ತಿದ್ದರೆ, ಆಕೆ ಬೆವರಿ ತಣ್ಣಗಾದರೆ, ಕಣ್ಣು ಕತ್ತಲೆ ಬರುತ್ತದೆ ಎಂದರೆ, ಸಂಕೋಚ ಮಾಡದೆ ಕೂಡಲೇ ನರ್ಸನ್ನು ಕರೆಯಿರಿ. ಸಹಜ ಹೆರಿಗೆಯೆಂದು ಅವಸರ ಮಾಡಿ ಅಂದೇ ಮನೆಗೆ ಕರೆದೊಯ್ಯಬೇಡಿ, 48 ತಾಸು ಅಲ್ಲೇ ಇರಲಿ. ಮನೆಗೆ ಬಂದ ಮೇಲೆ ಸ್ರಾವ ಮತ್ತೆ ಹೆಚ್ಚಾದರೆ 108ಕ್ಕೆ ಫೋನ್ ಮಾಡಿ.

ನಮಸ್ಕಾರ.