ಸಾಂಟಾ ಫೆ ಎಂಜಿನ್‌ಗಳ ಬಣ್ಣಗಳು

ಕೇಳುಗರಿಗೆ ನಮಸ್ಕಾರ. ಷಿಕಾಗೋದಿಂದ ಲಾಸ್ ಏಂಜಲೀಸ್‌ವರೆಗೆ ಹಳಿ ಹಾಸಿದ್ದ ಅಮೆರಿಕದ ಸಾಂಟಾ ಫೆ ರೈಲ್ವೆ ಇಂದು ಆ ಹೆಸರಿನಲ್ಲಿ ಉಳಿದಿಲ್ಲ. 1995ರಲ್ಲಿ ಅದು ಬರ್ಲಿಂಗ್ಟನ್ ನಾರ್ದರ್ನ್ ಎಂಬ ಇನ್ನೊಂದು ರೈಲ್ವೆಯ ಜೊತೆಗೂಡಿತು. ಆದರೆ ಅದರ ಡೀಸೆಲ್ ಎಂಜಿನ್‌ಗಳಿಗೆ ಬಳಿದ ಕೆಂಪು ಬಣ್ಣವನ್ನು ರೈಲು ಪ್ರಿಯರು ಇನ್ನೂ ಮರೆತಿಲ್ಲ. ಏಕೆಂದು ಹೇಳುತ್ತೇನೆ.

ಉಗಿ ಎಂಜಿನ್‌ಗಳ ಕಾಲದಲ್ಲಿ ಮಸಿ, ಎಣ್ಣೆಗಳ ನಡುವೆ ಕಪ್ಪು ಬಣ್ಣವೇ ಅನುಕೂಲವಾಗಿತ್ತು. ಡೀಸೆಲ್ ಬಂದಾಗ ಕಲಾವಿದರಿಗೆ ಅವಕಾಶ ಸಿಕ್ಕಿತು. ಸಾಂಟಾ ಫೆ 1937ರಲ್ಲಿ ಸೂಪರ್ ಚೀಫ್ ಎಂಬ ತನ್ನ ಐಷಾರಾಮಿ ರೈಲಿಗೆ ತುಕ್ಕುಹಿಡಿಯದ ಉಕ್ಕಿನ ಹೊಳೆಯುವ ಬೋಗಿಗಳನ್ನು ತಂದಿತು. ಅದರ ಎಂಜಿನ್‌ಗೆ ಬಣ್ಣದ ವಿನ್ಯಾಸ ಮಾಡಿದವರು ಜನರಲ್ ಮೋಟರ್ಸ್‌ನ ಕಲಾವಿದ ಲೆಲ್ಯಾಂಡ್ ನಿಕರ್‌ಬಾಕರ್. ಮೂತಿ ಮತ್ತು ಚಾಲಕರ ಕೋಣೆ ಅಚ್ಚ ಕೆಂಪು. ಆ ಕೆಂಪು ಕಿಟಕಿಯ ಹಿಂದೆ ಬಾಗಿ ಇಳಿದು, ಹಿಂದಕ್ಕೆ ಪಟ್ಟಿಯಾಗಿ ಹರಿಯುತ್ತದೆ. ಅಂಚಿಗೆ ಹಳದಿ ಮತ್ತು ಕಪ್ಪು ಗೆರೆ, ಉಳಿದ ಮೈಯೆಲ್ಲ ಬೆಳ್ಳಿ. ಅಮೆರಿಕದ ಮೂಲನಿವಾಸಿ ನಾಯಕರು ಧರಿಸುತ್ತಿದ್ದ ಗರಿಗಳ ಶಿರೋಭೂಷಣದ ನೆನಪಿನಲ್ಲಿ ಇದಕ್ಕೆ 'ವಾರ್‌ಬಾನೆಟ್' ಎಂಬ ಹೆಸರು ಬಂತು. ನನಗೆ ಇದರಲ್ಲಿ ಬಹಳ ಹಿಡಿಸುವುದು ಆ ಬಾಗು. ನಿಕರ್‌ಬಾಕರ್ ಯಂತ್ರದ ಆಕಾರವನ್ನೇ ಅನುಸರಿಸಿ ಗೆರೆ ಎಳೆದರು. ಹಾಗಾಗಿ ನಿಂತ ಎಂಜಿನ್ ಕೂಡ ಓಡುತ್ತಿರುವಂತೆ ಕಾಣುತ್ತದೆ. 1948ರಲ್ಲಿ ಲಯನೆಲ್ ಕಂಪನಿ ಇದೇ ಬಣ್ಣದ ಆಟಿಕೆ ರೈಲನ್ನು ಹೊರತಂದಿತು. ಸಾಂಟಾ ಫೆ ಹಳಿಯನ್ನೇ ಕಾಣದ ಮಕ್ಕಳಿಗೂ ಕೆಂಪು ಮೂತಿಯ ಎಂಜಿನ್ ಪರಿಚಯವಾಯಿತು.

ಸರಕು ಸಾಗಿಸುವ ಎಂಜಿನ್‌ಗಳಿಗೆ ಕಡುನೀಲಿ ಮತ್ತು ಹಳದಿ. ನೈರುತ್ಯದ ಮರುಭೂಮಿಯಲ್ಲಿ ಉಗಿ ಎಂಜಿನ್‌ಗೆ ಬೇಕಾದ ನೀರನ್ನೂ ರೈಲಿನಲ್ಲೇ ಹೊತ್ತು ತರಬೇಕಿತ್ತು. ಅದಕ್ಕೇ ಈ ಕಂಪನಿ ಬೇಗನೆ ಡೀಸೆಲ್‌ಗೆ ಒಲಿಯಿತು. 1971ರ ಮೇ 1ರಂದು ಪ್ರಯಾಣಿಕರ ರೈಲುಗಳು ಆಮ್‌ಟ್ರಾಕ್ ಎಂಬ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆಗೆ ಹೋದ ಮೇಲೆ ಕೆಂಪಿಗೆ ಕೆಲಸವಿಲ್ಲದಾಯಿತು. ಪ್ರಯಾಣಿಕರ ರೈಲು ಎಳೆಯುತ್ತಿದ್ದ ದೊಡ್ಡ ಎಫ್‌ಪಿ 45 ಎಂಜಿನ್‌ಗಳೂ ನೀಲಿ, ಹಳದಿಗೆ ತಿರುಗಿದವು.

ಅನಂತರದ್ದು ದುಡುಕಿನ ಕತೆ. 1983ರಲ್ಲಿ ಸಾಂಟಾ ಫೆ ಮತ್ತು ಸದರ್ನ್ ಪೆಸಿಫಿಕ್ ಎಂಬ ಮತ್ತೊಂದು ರೈಲ್ವೆಯ ಮಾತೃಸಂಸ್ಥೆಗಳು ಒಂದಾದವು. ರೈಲ್ವೆಗಳ ವಿಲೀನಕ್ಕೆ ಸರ್ಕಾರಿ ಆಯೋಗದ ಒಪ್ಪಿಗೆ ಇನ್ನೂ ಬಾಕಿ ಇತ್ತು. ಅಷ್ಟರಲ್ಲೇ ಎರಡೂ ಕಡೆ ಎಂಜಿನ್‌ಗಳಿಗೆ ಕೆಂಪು, ಹಳದಿ, ಕಪ್ಪು ಬಳಿಯತೊಡಗಿದರು. ಒಂದರ ಮೈಮೇಲೆ ಎಸ್‌ಪಿ, ಇನ್ನೊಂದರ ಮೇಲೆ ಎಸ್‌ಎಫ್. ಉಳಿದೆರಡು ಅಕ್ಷರಗಳಿಗೆ ಜಾಗ ಖಾಲಿ! ಕೊಡಾಕ್ ಫಿಲ್ಮಿನ ಪೆಟ್ಟಿಗೆಯನ್ನು ಹೋಲುತ್ತಿದ್ದ ಕಾರಣ ಜನ ಇದನ್ನು 'ಕೊಡಾಕ್ರೋಮ್' ಎಂದರು. 1986ರಲ್ಲಿ ಆಯೋಗ ವಿಲೀನವನ್ನು ತಿರಸ್ಕರಿಸಿತು. ಆ ಖಾಲಿ ಜಾಗ ಖಾಲಿಯೇ ಉಳಿಯಿತು. ಎಸ್, ಪಿ, ಎಸ್, ಎಫ್ ಎಂಬ ಆ ನಾಲ್ಕಕ್ಷರಗಳನ್ನು ರೈಲು ಪ್ರಿಯರು 'ಷುಡಂಟ್ ಪೇಂಟ್ ಸೋ ಫಾಸ್ಟ್', ಅಂದರೆ 'ಇಷ್ಟು ಬೇಗ ಬಣ್ಣ ಬಳಿಯಬಾರದಿತ್ತು' ಎಂದು ಬಿಡಿಸಿ ಹೇಳಿದರು. ಆ ಬಣ್ಣಗಳೂ ಚೆನ್ನಾಗಿಯೇ ಇದ್ದವು. ಆದರೆ ಅವು ಇನ್ನೂ ಹುಟ್ಟದ ಕಂಪನಿಯೊಂದರ ಬಣ್ಣಗಳು.

ಸೋತು ಸೊರಗಿದ್ದ ಆ ಹೊತ್ತಿನಲ್ಲಿ, 1989ರಲ್ಲಿ, ಹೊಸ ಅಧ್ಯಕ್ಷ ಮೈಕ್ ಹ್ಯಾವರ್ಟಿ ಹಳೆಯ ಕೆಂಪು, ಬೆಳ್ಳಿಯನ್ನು ಮರಳಿ ತಂದರು. ಈ ಬಾರಿ ವೇಗದ ಸರಕು ರೈಲುಗಳಿಗೆ. ಅದಕ್ಕೆ 'ಸೂಪರ್ ಫ್ಲೀಟ್' ಎಂದು ಹೆಸರಿಟ್ಟರು. ಮೊದಲು ಅದೇ ಎಫ್‌ಪಿ 45ಗಳು ಕೆಂಪಾದವು. ಮುಂದಿನ ವರ್ಷ ಹೊಚ್ಚಹೊಸ ಜಿಪಿ 60ಎಂ ಎಂಜಿನ್‌ಗಳು ಅದೇ ಬಣ್ಣದಲ್ಲಿ ಬಂದವು. ಇದನ್ನು ಬರೀ ಹಳೆಯದರ ಮೋಹ ಎಂದು ನಾನು ಒಪ್ಪುವುದಿಲ್ಲ. ಗ್ರಾಹಕರಿಗೂ ನೌಕರರಿಗೂ 'ನಾವು ಇಲ್ಲೇ ಇದ್ದೇವೆ' ಎಂದು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಆ ಕಂಪನಿಗೆ ಇರಲಿಲ್ಲ. 1995ರ ವಿಲೀನದ ನಂತರವೂ ಹೊಸ ಕಂಪನಿಯ ಕೆಲವು ಎಂಜಿನ್‌ಗಳು ಅದೇ ಕೆಂಪಿನಲ್ಲಿ ಓಡಿದವು, ಅಕ್ಷರಗಳು ಮಾತ್ರ ಬೇರೆ.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಸ್ಯಾಕ್ರಮೆಂಟೋದ ರಾಜ್ಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದರೆ 347ಸಿ ಸಂಖ್ಯೆಯ ಎಂಜಿನ್ ನೋಡಿ. ಎದುರಿನಿಂದ ನೋಡಿದರೆ ಸಾಲದು. ಪಕ್ಕಕ್ಕೆ ಸರಿದು, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ, ಆಗಲೇ ಆ ಬಾಗು ಪೂರ್ತಿ ಕಾಣುತ್ತದೆ.