ಹಾರಬೇಡಿ, ಓಡಿ

ಕೇಳುಗರಿಗೆ ನಮಸ್ಕಾರ. ಹೊಲದಿಂದ ಬಂದು ರೊಟ್ಟಿ ಬಡಿಯುತ್ತ ರೇಡಿಯೋ ಹಚ್ಚಿರುವ ತಾಯಂದಿರೇ, ಮಗಳನ್ನೂ ಪಕ್ಕಕ್ಕೆ ಕರೆದುಕೊಳ್ಳಿ. ಈ ಮಾತು ಅವಳಿಗಾಗಿ.

1984ರ ಆಗಸ್ಟ್ 8, ಲಾಸ್ ಏಂಜಲೀಸ್. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 400 ಮೀಟರ್ ಹರ್ಡಲ್ಸ್, ಅಂದರೆ ಅಡ್ಡ ಇಟ್ಟ ತಡೆಗಳನ್ನು ದಾಟುತ್ತ ಓಡುವ ಓಟ, ಮೊದಲು ಇಟ್ಟದ್ದೇ ಆ ವರ್ಷ. ಗೆದ್ದವರು ಮೊರಾಕ್ಕೋ ದೇಶದ ನವಾಲ್ ಎಲ್ ಮುತವಕ್ಕಿಲ್, 54.61 ಸೆಕೆಂಡುಗಳಲ್ಲಿ. ಅವರ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಚಿನ್ನ. ನಮ್ಮ ಪಿ.ಟಿ. ಉಷಾ ಅದೇ ಓಟದಲ್ಲಿ ನಾಲ್ಕನೆಯವರಾದರು. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿತು. ಇಂದಿಗೂ ನನಗೆ ಅದು ಹೊಟ್ಟೆಯೊಳಗಿನ ಉರಿ.

ಕಾಸಾಬ್ಲಾಂಕಾದಲ್ಲಿ ಹುಟ್ಟಿದ ನವಾಲ್ ಎತ್ತರದ ಆಳಲ್ಲ. ಹಾಗಿದ್ದೂ ಗೆದ್ದದ್ದು ಹೇಗೆ? ಹರ್ಡಲ್ ಹಾರುವುದಲ್ಲ, ಓಡುತ್ತ ದಾಟುವುದು. ಒಂದಕ್ಕೂ ಇನ್ನೊಂದಕ್ಕೂ ನಡುವೆ 35 ಮೀಟರ್. ಅಲ್ಲಿ ಹೆಜ್ಜೆಯ ಲೆಕ್ಕ ತಪ್ಪಬಾರದು. ಅಷ್ಟೇ.

ಇದನ್ನು ನಾನು ಕಲಿಸಿದ್ದು ವಿಜಯಪುರದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ. ಅಲ್ಲಿ ಒಂದು ಹರ್ಡಲ್ ಕೂಡ ಇರಲಿಲ್ಲ. ಕಣಿಕೆಯ ಬಣವೆಯಿಂದ ಜೋಳದ ದಂಟು ಎಳೆದು ತಂದು, ಎರಡು ಇಟ್ಟಿಗೆ ಸಾಲುಗಳ ಮೇಲೆ ಅಡ್ಡ ಇಟ್ಟೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಗಾಳಿಯಂತೆ ಓಡಿ ಬರುತ್ತಿದ್ದಳು, ದಂಟು ಕಂಡ ಕೂಡಲೇ ನಿಂತು, ಎರಡೂ ಕಾಲು ಕೂಡಿಸಿ ಕುಪ್ಪಳಿಸುತ್ತಿದ್ದಳು. ‘ಹಾರಬೇಡವ್ವಾ, ಓಡು’ ಎಂದೆ. ಎರಡು ದಿನ ಅದೇ ಮಾತು ಹೇಳಿ ಗಂಟಲು ಕಟ್ಟಿತು. ಕೊನೆಗೆ ಎರೆಮಣ್ಣಿನ ಮೇಲೆ ಸುಣ್ಣದಿಂದ ಹೆಜ್ಜೆ ಗುರುತು ಹಾಕಿ, ‘ದಂಟನ್ನು ನೋಡಬೇಡ, ಹೆಜ್ಜೆ ಎಣಿಸು’ ಎಂದೆ. ಮೂರನೇ ದಿನ ಬಾಯಲ್ಲಿ ಎಣಿಸುತ್ತ ಬಂದಳು. ಮೊಣಕಾಲು ತಾಗಿ ದಂಟು ಚಟ್ಟನೆ ಮುರಿಯಿತು. ಹುಡುಗಿ ನಿಲ್ಲಲಿಲ್ಲ! ಮುಂದಿನದನ್ನು ದಾಟಿಯೇಬಿಟ್ಟಿದ್ದಳು. ಓಡುವಾಗ ಕಾಲು ತಾಗಿ ಹರ್ಡಲ್ ಬಿದ್ದರೆ ತಪ್ಪೇನಿಲ್ಲ, ಪಂದ್ಯದ ನಿಯಮವೇ ಹಾಗಿದೆ. ಬೇಕೆಂದೇ ಕೆಡವಬಾರದು, ಅಷ್ಟೆ. ಹೆಜ್ಜೆ ತಪ್ಪಿದರೆ ಮಾತ್ರ ಓಟವೇ ಕೆಡುತ್ತದೆ.

ಸಮಯ ಸರಿಯುತ್ತಿದೆ. ನವಾಲ್ ಗೆದ್ದ ದಿನ ಹುಟ್ಟಿದ ಹೆಣ್ಣುಮಕ್ಕಳಿಗೆ ಅವರದೇ ಹೆಸರಿಡಬೇಕೆಂದು ಮೊರಾಕ್ಕೋದ ದೊರೆ ಹೇಳಿದರು. ಮುಂದೆ ನವಾಲ್ ಕಾಸಾಬ್ಲಾಂಕಾದಲ್ಲಿ ಮಹಿಳೆಯರ ಓಟ ಆರಂಭಿಸಿದರು, 1998ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು, ತಮ್ಮ ದೇಶದ ಕ್ರೀಡಾ ಸಚಿವೆಯೂ ಆದರು.

ದೈಹಿಕ ಶಿಕ್ಷಕರೇ, ಹರ್ಡಲ್ ಬರಲಿ ಎಂದು ಕಾಯಬೇಡಿ. ಇಟ್ಟಿಗೆ ಇವೆ, ದಂಟು ಇದೆ. ನಾಳೆ ಬೆಳಿಗ್ಗೆ ಸುಣ್ಣ ಹಾಕಿ, ಹೆಜ್ಜೆ ಎಣಿಸಲು ಹೇಳಿ. ನಮಸ್ಕಾರ.