ಟುಪಾಕ್ 'ಗ್ರೇಟೆಸ್ಟ್ ಹಿಟ್ಸ್': ಹಾಡು ಆರಿಸಿದ್ದು ಸರಿ, ಜೋಡಿಸಿದ್ದು ತಪ್ಪು

ನಮಸ್ಕಾರ ಎಲ್ಲರಿಗೂ. ಇವತ್ತಿನ ವಿಡಿಯೋದ ವಿಷಯ ಇದೇ ನೋಡಿ, ಅಮೆರಿಕದ ರ್‍ಯಾಪ್ ಗಾಯಕ ಟುಪಾಕ್ ಶಕೂರ್‌ನ 'ಗ್ರೇಟೆಸ್ಟ್ ಹಿಟ್ಸ್'. 1998ರ ನವೆಂಬರ್‌ನಲ್ಲಿ ಬಂದದ್ದು, ಅವನು ತೀರಿಕೊಂಡು ಎರಡು ವರ್ಷ ಆದ ಮೇಲೆ. ಎರಡು ಸಿಡಿ, 25 ಹಾಡು. ಡಬ್ಬಿ ತೆಗೆಯುವುದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ, ಕಾಣಿಸುತ್ತಿದೆಯಲ್ಲ.

ಆದರೆ ಈ ಸ್ಟಿಕ್ಕರ್ ಬಗ್ಗೆ ಹೇಳಲೇಬೇಕು. ಇಲ್ಲೇ ಫ್ರೀಮಾಂಟ್ ಹತ್ತಿರ ಹಳೇ ಸಿಡಿ ಮಾರುವ ಒಂದು ಅಂಗಡಿಯಲ್ಲಿ ತಗೊಂಡಿದ್ದು, 14 ಡಾಲರ್, ಮೇಲೆ ಟ್ಯಾಕ್ಸ್ ಬೇರೆ. ಬೆಲೆ ಬಗ್ಗೆ ತಕರಾರಿಲ್ಲ. ಆ ಬೆಲೆಯ ಚೀಟಿ ಎಲ್ಲಿ ಅಂಟಿಸಿದ್ದಾರೆ ನೋಡಿ, ಹಿಂಭಾಗದಲ್ಲಿ, ಸರಿಯಾಗಿ ಎರಡನೇ ಸಿಡಿಯ ಹಾಡುಗಳ ಪಟ್ಟಿಯ ಮೇಲೆ! ಅಷ್ಟು ದೊಡ್ಡ ಡಬ್ಬಿಯಲ್ಲಿ ಬೇರೆ ಜಾಗವೇ ಸಿಗಲಿಲ್ವಾ? ಉಗುರಿನಿಂದ ಕೆರೆದರೆ ಮೇಲಿನ ಕಾಗದ ಮಾತ್ರ ಚೂರುಚೂರಾಗಿ ಬರುತ್ತದೆ, ಗೋಂದು ಬಿಳಿಯಾಗಿ ಹಾಗೇ ಉಳಿಯುತ್ತದೆ, ಅದರ ಮೇಲೆ ಬೆರಳು ಇಟ್ಟರೆ ಧೂಳೆಲ್ಲ ಬಂದು ಕೂರುತ್ತದೆ. ಅದಕ್ಕೇ ಈ ಕೊಬ್ಬರಿ ಎಣ್ಣೆ. ಹತ್ತಿಯಲ್ಲಿ ಎರಡು ಹನಿ ಹಾಕಿ ಸವರಿ ಸ್ವಲ್ಪ ಹೊತ್ತು ಬಿಡಬೇಕು. ಜಾಸ್ತಿ ಹಾಕಬೇಡಿ, ಅಂಚಿನಿಂದ ಒಳಗೆ ಇಳಿದರೆ ಕಾಗದಕ್ಕೆ ಕಲೆ ಆಗುತ್ತದೆ. ಹಳೇ ಸಿಡಿ ಮಾರುವವರಿಗೆ ನನ್ನದೊಂದು ಕೋರಿಕೆ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಅದರ ಮೇಲೆ ಅಂಟಿಸಿ. ಹಾಡಿನ ಹೆಸರು ಓದಿಯೇ ಅಲ್ವಾ ನಾವು ಕೊಳ್ಳುವುದು?

ಹಾಂ, ಬಂತು. ಈಗ ಪಟ್ಟಿ ಓದಬಹುದು.

ಈ ಪಟ್ಟಿಯೇ ನನ್ನ ತಕರಾರು. ಹಾಡುಗಳು ಸರಿ ಇವೆ, ಬಹುತೇಕ ಎಲ್ಲವೂ. ಅವನ ಆಲ್ಬಮ್ ಹೊರತಂದ ಕಂಪನಿಗಳು, ಅಂದರೆ ಲೇಬಲ್‌ಗಳು, ಇಂಟರ್‌ಸ್ಕೋಪ್ ಮತ್ತು ಡೆತ್ ರೋ; ಆ ಎರಡೂ ಕಾಲದವು ಒಂದೇ ಕಡೆ ಸಿಗುತ್ತವೆ. 'ಕ್ಯಾಲಿಫೋರ್ನಿಯಾ ಲವ್' ಕೂಡ ಇದರಲ್ಲಿ ಮೂಲ ರೂಪದಲ್ಲೇ ಇದೆ, ಅವನ 1996ರ ಆಲ್ಬಮ್ 'ಆಲ್ ಐಸ್ ಆನ್ ಮಿ'ಯಲ್ಲಿ ಇದ್ದದ್ದು ರೀಮಿಕ್ಸ್. ಇಷ್ಟೆಲ್ಲ ಮಾಡಿದವರು ಜೋಡಿಸುವಾಗ ಯಾಕೆ ಹೀಗೆ ಮಾಡಿದರು? 1993ರ ಹಾಡಿನಿಂದ ಶುರು, ತಕ್ಷಣ 1996ಕ್ಕೆ ಜಿಗಿತ. ಅವನ ಮೊದಲ ಆಲ್ಬಮ್‌ನ 'ಟ್ರ್ಯಾಪ್ಡ್' ಬರುವುದು ಹತ್ತನೆಯದಾಗಿ. 1991ರಲ್ಲಿ ಮೊದಲ ಆಲ್ಬಮ್, 1996ರಲ್ಲಿ ಸಾವು, ಆಗ ಅವನಿಗೆ ಬರೀ 25 ವರ್ಷ. ಆ ಐದು ವರ್ಷದಲ್ಲಿ ಈ ಹುಡುಗ ಎಷ್ಟು ಬದಲಾದ ಅನ್ನುವುದೇ ಇಡೀ ಕಥೆ. ಆ ಕಥೆಯನ್ನು ಲೇಬಲ್‌ನವರು ಇಸ್ಪೀಟಿನ ಎಲೆ ಕಲಸಿದ ಹಾಗೆ ಕಲಸಿಟ್ಟಿದ್ದಾರೆ.

ಮೊದಲ ಸಿಡಿಯ ಕೊನೆ ಕೇಳಿ. 'ಲೈಫ್ ಗೋಸ್ ಆನ್', ಸತ್ತ ಗೆಳೆಯರನ್ನು ನೆನೆದು ಹಾಡಿದ್ದು. ಅವನ ದನಿ ಎಷ್ಟು ಮೆತ್ತಗಿದೆ ಅಂದರೆ, ಮುಗಿದ ಮೇಲೆ ಸುಮ್ನೆ ಕೂರಬೇಕು ಅನಿಸುತ್ತದೆ. ಕೂರಲು ಬಿಡುವುದಿಲ್ಲ, ಮುಂದಿನದೇ 'ಹಿಟ್ ಎಮ್ ಅಪ್'. ಎದುರಾಳಿ ರ್‍ಯಾಪ್ ಗಾಯಕ ನಾಟೋರಿಯಸ್ ಬಿ.ಐ.ಜಿ.ಯನ್ನು ಮನಸ್ಸಿಗೆ ಬಂದಂತೆ ಬೈದ ಹಾಡು. ಈ ಸಿಡಿ ಅಂಗಡಿಗೆ ಬರುವ ಹೊತ್ತಿಗೆ ಇಬ್ಬರೂ ಗುಂಡೇಟಿಗೆ ಬಲಿಯಾಗಿದ್ದರು, ಟುಪಾಕ್ 1996ರ ಸೆಪ್ಟೆಂಬರ್‌ನಲ್ಲಿ, ಬಿ.ಐ.ಜಿ. 1997ರ ಮಾರ್ಚ್‌ನಲ್ಲಿ. ಹಾಡು ಇರಲಿ, ಬೇಡ ಅನ್ನುವುದಿಲ್ಲ, ಸಿಟ್ಟಿನ ಹಾಡುಗಳಲ್ಲಿ ಅದರ ಮುಂದೆ ನಿಲ್ಲುವಂಥವು ಕಡಿಮೆ. ಆದರೆ ಅಲ್ಲಿ ಬೇಡ, ಅಷ್ಟೇ.

ಎರಡನೇ ಸಿಡಿಯಲ್ಲಿ ಇನ್ನೂ ಕಷ್ಟ. 'ಡಿಯರ್ ಮಾಮಾ', ತಾಯಿ ಅಫೇನಿ ಬಗ್ಗೆ ಹಾಡಿದ್ದು. ಆಕೆ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಲ್ಲಿದ್ದವರು, ಮುಂದೆ ಡ್ರಗ್ಸ್ ಚಟಕ್ಕೂ ಬಿದ್ದವರು, ಮಗ ಆ ಚಟವನ್ನೂ ಮುಚ್ಚಿಡದೆ ಹೇಳಿ ಪ್ರೀತಿ ತೋರಿಸುತ್ತಾನೆ. ಅದು ಮುಗಿದ ಕೂಡಲೇ 'ಆಲ್ ಅಬೌಟ್ ಯು', ಹೆಣ್ಣುಮಕ್ಕಳನ್ನು ಹಗುರವಾಗಿ ಆಡಿಕೊಳ್ಳುವ ಹಾಡು. ಅದೇ ಸಿಡಿಯಲ್ಲಿ 'ಬ್ರೆಂಡಾಸ್ ಗಾಟ್ ಎ ಬೇಬಿ' ಕೂಡ ಇದೆ. 12 ವರ್ಷಕ್ಕೇ ತಾಯಿಯಾದ ಹುಡುಗಿಯೊಬ್ಬಳ ಸುದ್ದಿ ಪತ್ರಿಕೆಯಲ್ಲಿ ಓದಿ ಬರೆದದ್ದು. ಆಗ ಅವನಿನ್ನೂ ಇಪ್ಪತ್ತರ ಆಸುಪಾಸು. ನಡುವೆ ಪಲ್ಲವಿ ಇಲ್ಲ, ಒಂದೇ ಉಸಿರಿನಲ್ಲಿ ಕಥೆ ಹೇಳಿಬಿಡುತ್ತಾನೆ.

ಅವನೇ ಹಾಗಿದ್ದ, ಒಂದು ಕ್ಷಣ ಹೀಗೆ, ಒಂದು ಕ್ಷಣ ಹಾಗೆ, ಸಿಡಿಯೂ ಹಾಗೇ ಇರಲಿ ಬಿಡಿ ಅನ್ನುವವರಿದ್ದಾರೆ. ಆ ಮಾತಿನಲ್ಲೂ ಅರ್ಥ ಇದೆ. ಅವನ ಒಂದೇ ಆಲ್ಬಮ್‌ನಲ್ಲೂ ಎರಡೂ ಬಗೆ ಇರುತ್ತವಲ್ಲ. ಆದರೂ, ಹೊಸದಾಗಿ ಕೇಳುವವರಿಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗದಿದ್ದರೆ ಆ ಬದಲಾವಣೆ ಅರ್ಥವಾಗುವುದು ಹೇಗೆ?

ಇನ್ನು ಆ ನಾಲ್ಕು ಹಾಡು. ಅದುವರೆಗೆ ಎಲ್ಲೂ ಬಿಡುಗಡೆಯಾಗದಿದ್ದ ನಾಲ್ಕು ಹಾಡು ಇದರಲ್ಲಿವೆ. ಎಲ್ಲ ಆಲ್ಬಮ್ ಇಟ್ಟುಕೊಂಡವರೂ ಇದನ್ನು ಕೊಳ್ಳಲೇಬೇಕು, ಇದು ಶುದ್ಧ ವ್ಯಾಪಾರ. ನನಗೆ ಇಷ್ಟವಿಲ್ಲ. ಆದರೆ ಆ ನಾಲ್ಕರಲ್ಲಿ ಒಂದು 'ಚೇಂಜಸ್'! ಗಾಯಕ ಬ್ರೂಸ್ ಹಾರ್ನ್ಸ್‌ಬಿಯ 1986ರ ಹಾಡಿನ ಪಿಯಾನೋ, ಅದರ ಮೇಲೆ ಬಡತನ, ಪೊಲೀಸರು, ಜೈಲು, ಮೈಬಣ್ಣ, ಎಲ್ಲದರ ಬಗ್ಗೆ ಟುಪಾಕ್‌ನ ಮಾತು. ಮೊದಲು ರೆಕಾರ್ಡ್ ಆಗಿದ್ದು 1992ರಲ್ಲಿ, ಆಮೇಲೆ ಬೇರೆಯವರು ತಿದ್ದಿ ತೀಡಿದ್ದು. ಸರಿ, ಈ ಒಂದು ವಿಷಯದಲ್ಲಿ ಲೇಬಲ್‌ನವರಿಗೆ ಧನ್ಯವಾದ ಹೇಳುತ್ತೇನೆ. ಪೆಟ್ಟಿಗೆಯಲ್ಲೇ ಉಳಿದಿದ್ದರೆ ಅನ್ಯಾಯ ಆಗುತ್ತಿತ್ತು.

ಹೇಳಲು ಮರೆಯುವ ಮುಂಚೆ, ಇದಕ್ಕೆ ಅಮೆರಿಕದಲ್ಲಿ ಮಾರಾಟದ ಡೈಮಂಡ್ ಮಾನ್ಯತೆ ಸಿಕ್ಕಿದೆ, ಅಂದರೆ ಲೆಕ್ಕಕ್ಕೆ ಒಂದು ಕೋಟಿ ಪ್ರತಿ. ಆದರೆ ಇಷ್ಟು ಉದ್ದದ ಎರಡು ಸಿಡಿ ಸೆಟ್ ಒಂದು ಮಾರಿದರೆ ಲೆಕ್ಕಕ್ಕೆ ಎರಡು. ಅರ್ಧ ಕೋಟಿ ಸೆಟ್ ಅಂದರೂ ಸಣ್ಣ ಮಾತಲ್ಲ.

'ಆಂಬಿಷನ್ಸ್ ಆಸ್ ಎ ರೈಡರ್' ಮಾತ್ರ ಇದರಲ್ಲಿಲ್ಲ. ಜೈಲಿನಿಂದ ಹೊರಗೆ ಬಂದು ಮಾಡಿದ 'ಆಲ್ ಐಸ್ ಆನ್ ಮಿ'ಯ ಮೊದಲ ಹಾಡು, ಆ ಬೀಟ್ ಬಿದ್ದ ತಕ್ಷಣ ಇವನು ಬೇರೆಯೇ ಮನುಷ್ಯ ಅಂತ ಗೊತ್ತಾಗುತ್ತದೆ. 25ರಲ್ಲಿ ಅದಕ್ಕೆ ಜಾಗ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. 'ಟಾಸ್ ಇಟ್ ಅಪ್' ತೆಗೆದು ಇದನ್ನು ಹಾಕಬಹುದಿತ್ತು.

ಅಯ್ಯೋ, ಕ್ಯಾಮೆರಾ ಬ್ಯಾಟರಿ ಕೆಂಪಾಯಿತು. ಬೇಗ ಹೇಳಿಬಿಡುತ್ತೇನೆ. ಸಿಕ್ಕರೆ ತಗೊಳ್ಳಿ. ಆದರೆ ವರ್ಷದ ಪ್ರಕಾರ ನೀವೇ ಪಟ್ಟಿ ಮಾಡಿಕೊಂಡು ಕೇಳಿ, 'ಟ್ರ್ಯಾಪ್ಡ್'ನಿಂದ ಶುರು ಮಾಡಿ. ನನ್ನ ಪಟ್ಟಿ ಕೆಳಗೆ ಹಾಕಿರುತ್ತೇನೆ, 'ಆಂಬಿಷನ್ಸ್' ಸೇರಿಸಿಯೇ.